ಆಕಾಶದ ಮಾಳಿಗೆಯಲ್ಲಿ ಅಡಗಿದ ಚಾಂಪಿಯನ್

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸುನಂದಾ ಕಸಬರಿಗೆ ಹಿಡಿದು ನಡುಮನೆಗೆ ಬಂದವಳೇ ಮೇಲೆ ನೋಡಿ, "ಇಷ್ಟು ದೊಡ್ಡ ಜೇಡರ ಬಲಿ ಕಟ್ಟೇತಿ, ಅದರ ಕೆಳಗ ಆರಾಮ ಕುಂತು ಪೇಪರ್ ಓದಾಕತ್ತೀರಲ್ಲ!" ಎಂದಳು.

ಏನು ಮಾಡಲಿ ಹೇಳಿ, ಮೇಲೆ ನೋಡುವುದು ನಮ್ಮ ಮನೆತನದಲ್ಲೇ ಇಲ್ಲ. ನಾವು ಮುಗಳಖೋಡದ ಕಡೆ ಕಬ್ಬು ಬೆಳೆಯುವವರು. ನೀರು ಎಲ್ಲಿಗೆ ಮುಟ್ಟಿತು, ಬದು ಎಲ್ಲಿ ಒಡೆಯಿತು ಎಂದು ಕಬ್ಬಿನವನ ಕಣ್ಣು ಸಾಲಿನುದ್ದಕ್ಕೆ ಓಡುತ್ತದೆ. ಅವಳು ಅಥಣಿ ಕಡೆಯ ದ್ರಾಕ್ಷಿಯವಳು. ಹಂದರದ ಕೆಳಗೆ ದಿನವೆಲ್ಲ ಕತ್ತೆತ್ತಿಕೊಂಡು ಗೊಂಚಲಿನ ಹೆಚ್ಚಿನ ಕಾಯಿ ಕತ್ತರಿಸುವ ಜನ. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಮದುವೆಗೆ ಮೊದಲು ನಮ್ಮೂರ ಕಂಪ್ಯೂಟರ್ ಅಂಗಡಿಯಲ್ಲಿ ನಾನು, ಗೆಳೆಯ ಬಾಳು, ಇನ್ನಿಬ್ಬರು ಸೇರಿ ಒಂದು ಆಟ ಆಡುತ್ತಿದ್ದೆವು. ಕರಿ ಆಕಾಶ, ಅದರಲ್ಲಿ ನಮ್ಮ ನಮ್ಮ ಹಾರುವ ಹಡಗುಗಳ ದಂಡು. ಎದುರಿನವನ ದೊಡ್ಡ ಹಡಗು ಒಡೆದವನು ಗೆದ್ದ. ಎಲ್ಲರೂ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದಂತೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗುವವರೇ. ಒಂದು ದಿನ ಕೈತಪ್ಪಿ ಯಾವುದೋ ಗುಂಡಿ ಒತ್ತಿದೆ ನೋಡಿ, ನನ್ನ ದಂಡು ನೆಟ್ಟಗೆ ಮೇಲೇರಿತು! ಮನೆಗಿರುವಂತೆ ಆ ಆಕಾಶಕ್ಕೂ ಒಂದು ಮಾಳಿಗೆ ಇತ್ತು, ಅದರಾಚೆ ಏರಲಾಗದು. ಅದಕ್ಕೆ ಅಂಟಿಕೊಂಡು ನಿಂತರೆ ನಕಾಶೆಯಲ್ಲಿ ಕಾಣುತ್ತಲೇ ಇರಲಿಲ್ಲ; ಆಟ ಮಾಡಿದವರ ತಪ್ಪು ಅದು. ಪರದೆಯ ನೋಟವನ್ನೇ ಮೇಲಕ್ಕೆ ತಿರುಗಿಸಿದವರಿಗೆ ಮಾತ್ರ ಕಾಣಬೇಕು. ಯಾರು ತಿರುಗಿಸುತ್ತಾರೆ? ಅಲ್ಲಿಂದ ಸೀದಾ ಇಳಿದು ಹೊಡೆಯುತ್ತಿದ್ದೆ. ಎರಡು ವರ್ಷ ಬಿಡದೆ ಗೆದ್ದೆ, ಯಾರಿಗೂ ಗುಟ್ಟು ಬಿಡಲಿಲ್ಲ. "ಚಾಂಪಿಯನ್ ಬಂದ್ರು" ಎಂದು ಕುರ್ಚಿ ಬಿಟ್ಟುಕೊಡುತ್ತಿದ್ದರು. ನಾನೂ ಮೀಸೆ ತಿರುವುತ್ತಿದ್ದೆ, ತಿರುವುವಷ್ಟು ಮೀಸೆ ಇರಲಿಲ್ಲವಾದರೂ.

ಅಥಣಿ ಕಡೆ ಕನ್ಯಾ ನೋಡಲು ಹೋದಾಗ ನಮ್ಮ ಕಾಕಾ ಇದನ್ನೂ ಸೇರಿಸಿ ಹೊಗಳಿಬಿಟ್ಟ. ಅವಲಕ್ಕಿ ತಿಂದಾದ ಮೇಲೆ ಸುನಂದಾ, "ನಮ್ಮಣ್ಣಂದು, ನಂದು ಎರಡು ಕಂಪ್ಯೂಟರ್ ಅದಾವ. ಅದ ಆಟ ಒಂದು ಸಲ ಆಡೂಣೇನ್ರಿ?" ಎಂದಳು. ಅವಳನ್ನು ನೋಡಿದೊಡನೆಯೇ ನನ್ನ ಮನಸ್ಸು ಒಪ್ಪಿತ್ತು. ಗೆದ್ದು ತೋರಿಸಿದರೆ ಅವಳೂ ಒಪ್ಪುತ್ತಾಳೆಂದು ದಂಡನ್ನು ಮಾಳಿಗೆಗೆ ಹತ್ತಿಸಿದೆ. ಅಯ್ಯೋ, ಅವಳು ಮೊದಲು ಮಾಡಿದ ಕೆಲಸವೇ ಮೇಲೆ ನೋಡಿದ್ದು! ನಾನು ಇಳಿಯುವ ಮೊದಲೇ ನನ್ನ ಹಡಗುಗಳನ್ನು ಒಂದೊಂದಾಗಿ ಉದುರಿಸಿದಳು.

"ಮ್ಯಾಲ ಯಾಕ ಅಡಗಿ ಕುಂತಿದ್ರಿ?"

ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿಬಿಟ್ಟೆ.

"ನಿಮ್ಮ ದೋಸ್ತರಿಗೆ ಗೊತ್ತೈತೇನ್ರಿ?"

"ಇಲ್ರಿ."

"ಹಂಗಾರ ಮೊದಲ ಅವರಿಗೆ ಹೇಳಿ ಬರ್ರಿ. ಆಮ್ಯಾಲ ನಾ ಹೂಂ ಅಂತೀನಿ."

ಮೂರು ದಿನ ನನಗೆ ರೊಟ್ಟಿ ಸೇರಲಿಲ್ಲ. ಊರಲ್ಲಿ ನನಗಿದ್ದ ಮರ್ಯಾದೆ ಅದೊಂದೇ. ಅದನ್ನು ಬಿಡಲೋ, ಸುನಂದಾಳನ್ನು ಬಿಡಲೋ? ನಾಲ್ಕನೆಯ ದಿನ ಗಟ್ಟಿ ಮನಸ್ಸು ಮಾಡಿ ಬಾಳುವಿನ ಮುಂದೆ ಎಲ್ಲ ಒಪ್ಪಿಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದು ನಮಗ ಮೊದಲನೇ ತಿಂಗಳದಾಗ ಗೊತ್ತಾಗಿತ್ತಲೇ!"

"ಮತ್ತ ಮ್ಯಾಲ ಯಾಕ ನೋಡಲಿಲ್ಲ?"

"ಗೆದ್ದಾಂವ ಚಾ-ಭಜಿ ಕೊಡಸೂದು ನಮ್ಮ ರೂಢಿ. ಮ್ಯಾಲ ನೋಡಿದ್ದರ ಎರಡು ವರ್ಷ ನಮಗ ಭಜಿ ಯಾರು ತಿನ್ನಸ್ತಿದ್ರು?"

ಸುನಂದಾಳಿಗೆ ಫೋನ್ ಹಚ್ಚಿ ಏನೂ ಮುಚ್ಚಿಡದೆ ಹೇಳಿದೆ, ಭಜಿಯ ಸಮೇತ. ಆ ಕಡೆ ಬಹಳ ಹೊತ್ತು ನಗು. ಆಮೇಲೆ, "ಹೂಂ."

ಇಷ್ಟು ಬರೆದು ಮಧ್ಯಾಹ್ನ ಅವಳಿಗೆ ಓದಿ ತೋರಿಸಿದೆ. "ಒಂದು ಮಾತು ತಪ್ಪೈತಿ" ಎಂದಳು.

"ಯಾವುದು?"

"ನೀವು ರೊಟ್ಟಿ ಬಿಟ್ಟು ಕುಂತಿದ್ರಲ್ಲ, ಅದಕ್ಕೂ ಮೊದಲ, ನೀವು ಬಂದು ಹೋದ ದಿನಾನ ನಮ್ಮಪ್ಪಗ ನಾ ಹೂಂ ಅಂದಿದ್ದೆ."

ನೋಡಿದಿರಾ? ಖರೇ ಹೇಳುವುದನ್ನು ನನಗೆ ಕಲಿಸಿದವಳು ಇಷ್ಟು ವರ್ಷ ಇದನ್ನು ಮುಚ್ಚಿಟ್ಟಿದ್ದಳು! ಒಂದು ಸಲವಾದರೂ ಜಗಳ ತೆಗೆಯೋಣವೆಂದು ಬಾಯಿ ತೆರೆದೆ. ಸೋತು, ಬೆವೆತು, ಮಾರಿ ಬಾಡಿಸಿಕೊಂಡು ಬಸ್ಸು ಹತ್ತಿದ್ದ ಆ ಸಂಜೆಯೇ ನಾನು ಅವಳಿಗೆ ಸೇರಿದ್ದೆನೆಂದು ಕೇಳಿ ಎಷ್ಟು ಖುಷಿಯಾಯಿತೆಂದರೆ, ಜಗಳದ ಮಾತೊಂದೂ ನೆನಪಿಗೆ ಬರಲಿಲ್ಲ.