ಅಂಚಿಗೆ ಬಂದ ಹೆಸರು

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿದ್ದ ನಮ್ಮ ಡಿಟಿಪಿ ಮೇಡಂಗೆ ಕಂಪ್ಯೂಟರಿನ ಪರದೆಯ ಮೇಲೆ ನಂಬಿಕೆಯಿರಲಿಲ್ಲ. ಪುಟ ಜೋಡಿಸಿದ ಮೇಲೆ ಪ್ರಿಂಟ್ ತೆಗೆದು, ಹಾಳೆಗಳನ್ನು ಮಡಚಿ, ಉಗುರಿನಿಂದ ತೀಡಿ, ಪ್ರೆಸ್ಸಿನವರು ಕತ್ತರಿಸುವ ಹಾಗೆಯೇ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ನೋಡುತ್ತಿದ್ದರು. ಅಕ್ಷರವೊಂದು ಅಂಚಿನ ಹತ್ತಿರ ಸುಳಿದರೂ ಸಾಕು, "ಕಟಿಂಗ್‌ನಲ್ಲಿ ಹೋಯ್ತದೆ ಸಾರ್" ಎಂದು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

ಬಸ್ತಿಹಳ್ಳಿಯ ಬಸದಿಗಳ ಬಗ್ಗೆ ನಾನು ಬರೆದ ಕಿರುಪುಸ್ತಕ ಹದಿನೇಳು ಪುಟವಾಗಿತ್ತು. ಮಡಚಿದ ಒಂದೊಂದು ಹಾಳೆಗೂ ನಾಲ್ಕು ಪುಟ. ಹಾಗಾಗಿ ಹದಿನಾರಕ್ಕೆ ಇಳಿಸಬೇಕಿತ್ತು. ನನಗೆ ಮಾಹಿತಿ ಕೊಟ್ಟ ಊರಿನವರ ಹೆಸರುಗಳಿದ್ದ ಕೊನೆಯ ಪುಟವನ್ನು ತೆಗೆಯಿರಿ ಎಂದೆ. ಅವರು ನನ್ನ ಫೋಟೋ, ಪರಿಚಯ ಇದ್ದ ಪುಟವನ್ನು ಎತ್ತಿ ಪಕ್ಕಕ್ಕಿಟ್ಟರು.

"ನಿಮ್ ಹೆಸ್ರು ಕವರ್ ಮೇಲೇ ಐತಲ್ಲ ಸಾರ್. ಇವ್ರದ್ದು ಇನ್ನೆಲ್ಲೈತೆ?"

ನನಗೆ ನಾಚಿಕೆಯಾಯಿತು. ಹಾಗಾದರೆ ಆ ಪಟ್ಟಿಯ ಕೊನೆಗೆ ನಿಮ್ಮ ಹೆಸರನ್ನೂ ಸೇರಿಸಿ ಎಂದೆ.

"ಅಯ್ಯೋ, ಜಾಗ ಇಲ್ಲ. ಅಂಚಿಗೆ ಬತ್ತದೆ, ಕಟಿಂಗ್‌ನಲ್ಲಿ ಹೋಯ್ತದೆ ಬಿಡಿ" ಎಂದು ಫೈಲನ್ನು ಸಿ.ಡಿ.ಗೆ ಹಾಕಿ ಕೊಟ್ಟುಬಿಟ್ಟರು.

ಪುಸ್ತಕ ಅಚ್ಚಾಗಿ ಬಂತು. ಒಂದಕ್ಷರವೂ ಕತ್ತರಿಗೆ ಸಿಕ್ಕಿರಲಿಲ್ಲ. ಕೊನೆಯ ಪುಟದಲ್ಲಿ, ಕೊನೆಯ ಹೆಸರಿನ ಕೆಳಗೆ, ನಾಲ್ಕು ಬೆರಳಿನಷ್ಟು ಜಾಗ ಖಾಲಿಯಿತ್ತು.