ಒಮಾನಿನಲ್ಲಿ ಹೆಪ್ಪು ಕೊಡುವವರು

ಕ್ಯಾಲನೂರಿನಲ್ಲಿ ನಮ್ಮ ಪಕ್ಕದ ಮನೆಯ ಹಜೀರಾ ರವಿಕೆ ಹೊಲಿಯುತ್ತಾಳೆ. ಗಂಡ ಜುಬೇರ್ ಒಮಾನ್ ದೇಶದಲ್ಲಿ ಡ್ರೈವರ್. ಅವಳನ್ನೂ ಕರೆಸಿಕೊಳ್ಳಲು ವೀಸಾ ಸಿಕ್ಕಿದಾಗಿನಿಂದ ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವಳು, ಎದ್ದು ಬಾಗಿಲಿಗೆ ಬರುವಳು. ನನ್ನ ರವಿಕೆಗೆ ತೋಳನ್ನೇ ತಿರುಗಾಮುರುಗಾ ಕೂರಿಸಿಬಿಟ್ಟಳು.

"ಹೋಗ್ಲಾ ಬೇಡ್ವಾ ಅವ್ವಾ?"

"ಮೊದ್ಲು ನನ್ನ ತೋಳು ಬಿಚ್ಚೇ. ಆಮೇಲೆ ಒಮಾನ್‌ಗೆ ಹೋಗೀಯಂತೆ," ಎಂದೆ.

ಶುಕ್ರವಾರ ಅಲ್ಲಿ ರಜ. ಮಧ್ಯಾಹ್ನ ಜುಬೇರ್ ಫೋನ್ ಮಾಡಿದ, ಇವಳು ಸ್ಪೀಕರ್ ಹಾಕಿದಳು. ಬರುತ್ತಾಳೋ ಇಲ್ಲವೋ ಎಂದು ಅವಳು ಅಂದೇ ಹೇಳಬೇಕಿತ್ತು. ಅವರ ಮನೆಮಾತು ಉರ್ದು, ಕೇಳಿ ಕೇಳಿ ನನಗೂ ತಿಳಿಯುತ್ತದೆ. ಅಲ್ಲಿ ಬೆಟ್ಟಗಳೆಲ್ಲ ಬೋಳು, ಹುಲ್ಲುಕಡ್ಡಿಯೂ ಇಲ್ಲ ಎಂದ. ಆದರೆ ಪಕ್ಕದಲ್ಲೇ ಸಮುದ್ರ. ಗಂಡಸರು ಉದ್ದನೆಯ ಬಿಳಿ ಅಂಗಿ ತೊಡುತ್ತಾರೆ. ಬೇಸಿಗೆಯ ಹಗಲಲ್ಲಿ ಬೀದಿಗಳು ಖಾಲಿ. ಮನೆಗೆ ಬಂದವರಿಗೆ ಖರ್ಜೂರ, ಕಾಫಿ ಕೊಡುತ್ತಾರಂತೆ. ಅವನು ಹೇಳುತ್ತಲೇ ಇದ್ದ, ಇವಳು ಫೋನ್ ಹಿಡಿದು ಒಳಗೂ ಹೊರಗೂ ಓಡಾಡುತ್ತಲೇ ಇದ್ದಳು.

"ಅದೆಲ್ಲಾ ಇರ್ಲಿ. ಮೊಸರಿಗೆ ಹೆಪ್ಪು ಇಲ್ಲ ಅಂದ್ರೆ ಪಕ್ಕದ ಮನೇಲಿ ಕೊಡ್ತಾರಾ?"

"ಪಕ್ಕದಲ್ಲಿ ಯಾರಿದ್ದಾರೋ ನಂಗೊತ್ತಿಲ್ಲ ಕಣೇ," ಎಂದ ಜುಬೇರ್. "ಬಂದು ಆರು ವರ್ಷ ಆಯ್ತು. ಯಾರ ಬಾಗಿಲೂ ನಾನು ತಟ್ಟಿಲ್ಲ, ನನ್ನ ಬಾಗಿಲೂ ಯಾರೂ ತಟ್ಟಿಲ್ಲ."

ಹಜೀರಾ ಹೊಸಿಲ ಮೇಲೇ ನಿಂತುಬಿಟ್ಟಳು.

"ಟಿಕೆಟ್ ಮಾಡ್ಸಿ," ಎಂದಳು. "ನಾನು ಬಂದು ತಟ್ತೀನಿ."

ಫೋನ್ ಇಟ್ಟವಳೇ ಕೂತು ನನ್ನ ರವಿಕೆಯ ತೋಳು ಬಿಚ್ಚತೊಡಗಿದಳು.