ಬಾಯಿ ಮುಚ್ಚಿ ತೆಗೆದ ಅಚ್ಚು

ರೇಸಿನ ಮೈದಾನದಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಅಂತಲೇ ಕರೆಯುತ್ತಿದ್ದರು. ಕಾರು ಓಡಿಸುವವರ ಕಿವಿಗೆ ಅಳತೆಗೆ ತಕ್ಕ ಬಿರಡೆ ಮಾಡಿಕೊಡುವುದು ಅವಳ ಕಸುಬು. ಮೆತ್ತನೆಯ ಸಿಲಿಕೋನ್, ಅದರೊಳಗೆ ಅಕ್ಕಿಕಾಳಿನಷ್ಟು ಸ್ಪೀಕರ್. ಎಂಜಿನ್ನಿನ ಅಬ್ಬರ ಹೊರಗೇ ನಿಲ್ಲಬೇಕು, ತಂಡದವರು ರೇಡಿಯೋದಲ್ಲಿ ಹೇಳುವ ಮಾತು ಮಾತ್ರ ಒಳಗೆ ಬರಬೇಕು. ಕೂದಲೆಳೆಯಷ್ಟು ಸಂದಿ ಉಳಿದರೂ ಗದ್ದಲ ನುಗ್ಗುತ್ತದೆ. ಹೀಗಾಗಿ ಅವಳು ಜನರ ಮುಖಕ್ಕಿಂತ ಮೊದಲು ಕಿವಿ ನೋಡುವಳು. ಪಕ್ಕದ ಮನೆಗೆ ಹೊಸದಾಗಿ ಬಂದವರು ಹೇಗೆ ಅಂತ ಅಮ್ಮ ಕೇಳಿದರೆ, "ಎಡಗಿವಿ ಸ್ವಲ್ಪ ಕಿರಿದು" ಅನ್ನುವಳು. ಅಮ್ಮ ಹಣೆ ಚಚ್ಚಿಕೊಳ್ಳುವಳು.

ಕೂತಲ್ಲಿ ಕೂರುವುದು ಅವಳ ಜಾಯಮಾನವೇ ಅಲ್ಲ. ಊಟದ ತಟ್ಟೆ ಹಿಡಿದುಕೊಂಡೇ ಮನೆ ಸುತ್ತುವಳು, ಹಲ್ಲುಜ್ಜುತ್ತಾ ಬೀದಿಯ ತುದಿವರೆಗೆ ಹೋಗಿಬರುವಳು. ತಂಗಿ ಕಾರು ಓಡಿಸಲು ಶುರುಮಾಡಿದ ಮೇಲಂತೂ ಕೇಳುವುದೇ ಬೇಡ. ಓಟ ನೋಡಲು ಹೋದವಳು ಒಂದು ಸುತ್ತನ್ನೂ ನೆಟ್ಟಗೆ ನೋಡದೆ, ಬೇಲಿಯುದ್ದಕ್ಕೂ ಅಡ್ಡಾಡಿ ಚಪ್ಪಲಿ ಸವೆಸಿಕೊಂಡು ಬರುವಳು.

ಆ ತಂಗಿ ಈಗ ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಹಿಂದೊಂದು ಓಟವಾದ ಮೇಲೆ ಅವಳ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಂತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಅಕ್ಕನ ಹತ್ತಿರ ಹೇಳಿಕೊಂಡಳು. ಅಕ್ಕ ಇಡೀ ದಿನ ಚಡಪಡಿಸಿ, ಕೊನೆಗೆ ತಡೆಯಲಾರದೆ ತಂಡದ ಮ್ಯಾನೇಜರ್ ಕಿವಿಗೆ ಹಾಕಿಬಿಟ್ಟಳು. ತಂಗಿಯನ್ನು ಓಟದಿಂದ ಕೈಬಿಟ್ಟರು. ಈಗ ಸದ್ದು ಹೋಗಿದೆ ಎಂದು ತಂಗಿ ಹೇಳಿದ್ದಕ್ಕೆ, ಹೊಸ ಜೋಡಿ ಬಿರಡೆ ಮಾಡಿಸಿಕೊಂಡು ಬರಲಿ ಎಂದು ಮ್ಯಾನೇಜರ್ ಒಪ್ಪಿದ್ದರು. ಇನ್ನೊಮ್ಮೆ ಕಿವಿ ಕೈಕೊಟ್ಟರೆ ಅವಳ ಸೀಟಿನಲ್ಲಿ ಕೂರಲು ಬೇರೊಬ್ಬ ಸಿದ್ಧನಾಗಿಯೇ ಇದ್ದ.

ಅಚ್ಚು ಕೊಡಲು ತಂಗಿ ಮುಖ ಊದಿಸಿಕೊಂಡು ಬಂದು, ಹಲ್ಲು ಕಚ್ಚಿ ಕೂತಳು. ಅಕ್ಕ ಕಿವಿಯ ಆಳಕ್ಕೆ ದಾರ ಕಟ್ಟಿದ ಹತ್ತಿಯುಂಡೆ ಇಟ್ಟು, ಅದರ ಮೇಲೆ ಅಚ್ಚಿನ ಹಿಟ್ಟು ತುಂಬಿದಳು. ಅದು ಗಟ್ಟಿಯಾಗುವವರೆಗೂ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಅಚ್ಚು ಒಂದು ಗೀರೂ ಇಲ್ಲದೆ ನುಣುಪಾಗಿ ಬಂತು. ಅಕ್ಕನಿಗೆ ತನ್ನ ಕೈಚಳಕದ ಮೇಲೆ ಹೆಮ್ಮೆಯಾಯಿತು. ಹೆಮ್ಮೆಪಡಲು ಒಳ್ಳೆ ಹೊತ್ತನ್ನೇ ಆರಿಸಿಕೊಂಡಿದ್ದಳು!

ಓಟಕ್ಕೆ ಮುಂಚಿನ ಶುಕ್ರವಾರ ಬೆಳಗ್ಗೆ ತಂಗಿ ಹೊಸ ಜೋಡಿ ಹಾಕಿಕೊಂಡು ಅಭ್ಯಾಸಕ್ಕೆ ಇಳಿದಳು. "ತಿರುವಲ್ಲಿ ಎಣ್ಣೆ ಚೆಲ್ಲಿದೆ, ನಿಧಾನ" ಎಂದು ಮ್ಯಾನೇಜರ್ ರೇಡಿಯೋದಲ್ಲಿ ಕೂಗಿ ಕೂಗಿ ಹೇಳಿದರು. ಅವಳು ನಿಧಾನ ಮಾಡಲೇ ಇಲ್ಲ. ಕಾರು ಜಾರಿ, ಬುಗುರಿಯ ಹಾಗೆ ತಿರುಗಿ, ಟೈರು ಪೇರಿಸಿದ ಗೋಡೆಗೆ ಒರಗಿ ನಿಂತಿತು. ಬೇಲಿಯ ಬಳಿ ಅಕ್ಕನ ಎದೆ ಧಸಕ್ಕೆಂದಿತು. ತಂಗಿ ಏನೂ ಆಗದೆ ಎದ್ದು ಬರುವುದನ್ನು ಕಂಡ ಮೇಲೂ ಅವಳು ಗ್ಯಾರೇಜಿನವರೆಗೆ ಓಡುತ್ತಲೇ ಹೋದಳು.

"ನೋಡಿದ್ರಲ್ಲ? ಅದೇ ಕಿವಿ ಮತ್ತೆ ಕೈಕೊಡ್ತು," ಎಂದರು ಮ್ಯಾನೇಜರ್.

"ಶುರುವಲ್ಲಿ ಚೆನ್ನಾಗೇ ಕೇಳಿಸ್ತಿತ್ತು," ಎಂದಳು ತಂಗಿ, ಅಕ್ಕನ ಕಡೆ ನೋಡದೆ. "ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ. ಬಾಯಿ ತೆರೆದಿದ್ದೇ ತಡ, ಬರೀ ಎಂಜಿನ್ ಸದ್ದು."

ಅಕ್ಕನಿಗೆ ಥಟ್ಟನೆ ಹೊಳೆಯಿತು. ದವಡೆ ಆಡಿದರೆ ಕಿವಿಯ ಒಳಗೂ ಆಡುತ್ತದೆ. ಅದಕ್ಕೇ ಅಚ್ಚು ಗಟ್ಟಿಯಾಗುವಷ್ಟು ಹೊತ್ತು ಅವಳು ಎಲ್ಲರಿಂದಲೂ ಏನಾದರೂ ಮಾತಾಡಿಸುತ್ತಿದ್ದಳು. ತಂಗಿಗೆ ಹಾಗೆ ಹೇಳಬೇಕಾದ ಪ್ರಮೇಯವೇ ಎಂದೂ ಬಂದಿರಲಿಲ್ಲ, ಅವಳು ಹುಟ್ಟು ವಾಚಾಳಿ. ಈ ಸಲ ಅವಳು ಕೋಪದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಮಾತಾಡು ಎನ್ನಲು ಅಕ್ಕನಿಗೂ ಜಂಬ ಅಡ್ಡ ಬಂದಿತ್ತು. ಹೀಗೆ ತಯಾರಾದ ಬಿರಡೆ ಮಾತಾಡದವಳ ಕಿವಿಗೆ ಮಾತ್ರ ಕೂರುವಂಥದ್ದು.

"ತಪ್ಪು ಕಿವಿದಲ್ಲ ಸರ್, ಅಚ್ಚಿಂದು. ಅಂದ್ರೆ ನಂದು," ಎಂದಳು ಕಿವಿಯಕ್ಕ. "ಇವತ್ತೇ ಇನ್ನೊಂದು ಅಚ್ಚು ತೆಗೀತೀನಿ."

"ಇದೇ ಕೊನೆ," ಎಂದು ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಗ್ಯಾರೇಜಿನ ಹೊರಗೆ ಹೋಗಿ ನಿಂತರು.

ಮೆಕ್ಯಾನಿಕ್‌ಗಳೆಲ್ಲ ಊಟಕ್ಕೆ ಹೋಗಿದ್ದರು. ತಂಗಿಯನ್ನು ಟೈರುಗಳ ಮೇಲೆ ಕೂರಿಸಿ, ಅಕ್ಕ ಎರಡೂ ಕಿವಿಗೆ ಹಿಟ್ಟು ತುಂಬಿ, ಮಾತಾಡು ಎಂದು ಬೆರಳಲ್ಲಿ ಸನ್ನೆ ಮಾಡಿದಳು.

"ಏನು ಮಾತಾಡ್ಲಿ?" ತಂಗಿ ಕಿರುಚಿದಳು. ಕಿವಿ ಮುಚ್ಚಿದವರಿಗೆ ತಮ್ಮ ದನಿಯ ಅಂದಾಜು ಸಿಗುವುದಿಲ್ಲ. "ನೀನು ನಂಗೆ ಹೇಳಿ ಹೋಗ್ಬೇಕಿತ್ತು! ಬೆನ್ನ ಹಿಂದೆ ಹೋಗಿ ಹೇಳ್ಬಿಟ್ಯಲ್ಲ! ನಿನ್ನ ಬಿಟ್ರೆ ನಾನು ಯಾರ ಹತ್ರ ಹೇಳ್ಕೊಳ್ಲಿ ಅಕ್ಕ?"

ಅಕ್ಕ ತಲೆಯಾಡಿಸಿದಳು.

"ಇನ್ನೂ ಗುಂಯ್ ಅಂತಾನೇ ಇದೆ! ಹೋಗಿದೆ ಅಂತ ಸುಳ್ಳು ಹೇಳ್ದೆ..."

ಮ್ಯಾನೇಜರ್ ಬಾಗಿಲಾಚೆಯೇ ಇದ್ದರು. ಅಕ್ಕ ಕಂಗಾಲಾಗಿ ಸುತ್ತ ನೋಡಿದಳು. ತಂಗಿಯ ಬಾಯಿ ಮುಚ್ಚಿದರೆ ಅಚ್ಚು ಕೆಡುತ್ತದೆ, ಬಿಟ್ಟರೆ ಅವಳ ಬದುಕೇ ಕೆಡುತ್ತದೆ. ಚಕ್ರದ ನಟ್ಟು ಬಿಚ್ಚುವ ಗಾಳಿಯ ಗನ್ನು ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡವಳೇ ಅದರ ಕುದುರೆ ಒತ್ತಿಬಿಟ್ಟಳು. ಜನ್ಮವಿಡೀ ಗದ್ದಲದ ಜೊತೆ ಗುದ್ದಾಡಿದವಳು ಗ್ಯಾರೇಜು ಬಿರಿಯುವಂತೆ ಗದ್ದಲ ಎಬ್ಬಿಸಿದಳು. ತನ್ನ ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ತಂಗಿ ಒಂದೇ ಸಮನೆ ಮಾತಾಡುತ್ತಲೇ ಇದ್ದಳು. ಅದರಲ್ಲಿ ಒಂದು ಅಕ್ಷರವೂ ಅಕ್ಕನಿಗೆ ಕೇಳಿಸಲಿಲ್ಲ, ಅವಳ ಕಣ್ಣು ತುಂಬಿದ್ದು ಮಾತ್ರ ಕಾಣಿಸಿತು.

ಅಚ್ಚು ಹೊರಗೆ ಬಂದ ಮೇಲೆ ತಂಗಿ ಕಿವಿ ಉಜ್ಜಿಕೊಳ್ಳುತ್ತಾ ಕೇಳಿದಳು. "ಆ ಗನ್ ಯಾಕೆ ಹಿಡ್ಕೊಂಡಿದ್ದೆ?"

"ನೀನು ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ ಕಣೇ. ಅವರು ಇಲ್ಲೇ ಹೊರಗಿದ್ರು."

ತಂಗಿಯ ಮುಖ ಬಿಳಿಚಿತು. "ಅವರಿಗೆ ಕೇಳಿಸ್ತಾ?"

"ಇಲ್ಲ. ನಂಗೆ ಕೇಳಿಸ್ತು."

"ಮತ್ತೆ ಹೋಗಿ ಹೇಳ್ತೀಯಾ?"

ಅಕ್ಕನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಅವಳು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. "ಹೇಳಲ್ಲ. ಹೋದ್ಸಲ ನಿಂಗೆ ತಿಳಿಸ್ದೆ ಹೋಗಿದ್ದು ತಪ್ಪು. ಆದ್ರೆ ಮುಂದೊಂದಿನ ನಾನು ಕೂಗಿ ಕರೆದ್ರೂ ನಿಂಗೆ ಕೇಳಿಸ್ದೇ ಹೋದ್ರೆ, ನಾನೇನ್ ಮಾಡ್ಲಿ ಹೇಳು? ನಂಗೆ ಭಯ ಆಗತ್ತೆ ಕಣೇ."

ತಂಗಿ ಎದ್ದು, ಹೆಲ್ಮೆಟ್ಟನ್ನು ಟೈರಿನ ಮೇಲಿಟ್ಟು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, "ನಾನೇ ಹೇಳ್ತೀನಿ, ನೀನೂ ಬಾ," ಎಂದಳು. ತಿರುಗಿ ನೋಡಿದರೆ ಅಕ್ಕ ಅವಳ ಬೆನ್ನಿಗೇ ನಿಂತಿದ್ದಳು.

ಆ ಭಾನುವಾರ ಕಾರನ್ನು ಬೇರೊಬ್ಬ ಓಡಿಸಿದ. ಡಾಕ್ಟರು ಸರಿ ಅನ್ನುವವರೆಗೆ ತಂಗಿ ಸೀಟಿಗೆ ಹತ್ತುವ ಹಾಗಿರಲಿಲ್ಲ. ಅವಳು ಬೇಲಿಯ ಬಳಿಯ ಬೆಂಚಿನಲ್ಲಿ ಹೊಸ ಬಿರಡೆ ಹಾಕಿಕೊಂಡು ಕೂತಿದ್ದಳು. ಅಕ್ಕ ಎಂದಿನಂತೆ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದಳು. ಕಾರುಗಳು ಅಬ್ಬರಿಸಿ ಹಾದುಹೋದಾಗಲೆಲ್ಲ ತಂಗಿಯ ಮುಖ ನೋಡುವಳು. ಜೋಡಿ ಎಲ್ಲಾದರೂ ಸಂದಿ ಬಿಡುತ್ತದೋ ಏನೋ ನೋಡಬೇಕಲ್ಲ, ಅದಕ್ಕೆಂದು ತಂಗಿ ಓಟ ಮುಗಿಯುವವರೆಗೂ ಬಾಯಿ ಮುಚ್ಚಲೇ ಇಲ್ಲ.